ನದಿಯ ಜಾಡು ಹಿಡಿದು ಹಳೆಯ ಊರುಗಳ ನಡುವೆ ಚಾರಣ: ಯೋಜನೆಯಿಂದ ನಡಿಗೆಯವರೆಗೆ

ಬೆಟ್ಟ ಹತ್ತುವ ಚಾರಣಕ್ಕೂ ನದಿ ಕಣಿವೆಯ ಹಳ್ಳಿಗಾಡಿನಲ್ಲಿ ಊರಿಂದ ಊರಿಗೆ ನಡೆಯುತ್ತ ಹೋಗುವ ಚಾರಣಕ್ಕೂ ಬೇಕಾದ ಸಿದ್ಧತೆ ಬೇರೆ ಬೇರೆ. ಬೆಟ್ಟದಲ್ಲಿ ಗುರಿ ಕಣ್ಣೆದುರಿಗೇ ಇರುತ್ತದೆ, ದಾರಿಯ ಕಷ್ಟವೂ ಮೊದಲೇ ಅಂದಾಜಿಗೆ ಸಿಗುತ್ತದೆ. ಕಣಿವೆಯಲ್ಲಿ ಮಾತ್ರ ನಕ್ಷೆಯ ಮೇಲೆ ಸಪಾಟಾಗಿ, ಸುಲಭವಾಗಿ ಕಾಣುವ ದಾರಿಯೇ ಮಳೆಯ ಮರುದಿನ ಮೊಣಕಾಲುದ್ದದ ಕೆಸರಾಗಿರಬಹುದು. ಎದುರು ದಡದಲ್ಲಿ ಕೂಗಳತೆಯಲ್ಲಿರುವ ಊರಿಗೆ ಸೇತುವೆ ಹುಡುಕಿಕೊಂಡು ಎರಡು ಗಂಟೆ ಸುತ್ತಬೇಕಾಗಿ ಬರಬಹುದು. ಇಂಥ ನಡಿಗೆಗೆ ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಇಷ್ಟೇ: ದಾರಿಯನ್ನು ನೋಡುವ ಮೊದಲು ನದಿಯನ್ನು ನೋಡಿ. ಊರು ಎಲ್ಲಿ ಹುಟ್ಟಿತು, ಕಾಲುದಾರಿ ಯಾಕೆ ಅಲ್ಲಿ ತಿರುಗಿತು, ಸೇತುವೆ ಯಾಕೆ ಅದೇ ಜಾಗದಲ್ಲಿ ಬಂತು, ಯಾವ ತಿಂಗಳಲ್ಲಿ ನಡೆಯಬಹುದು, ಒಂದು ದಿನಕ್ಕೆ ಎಷ್ಟು ದೂರ ಸಾಗಬಹುದು ಎಂಬುದನ್ನೆಲ್ಲ ಕಣಿವೆಯಲ್ಲಿ ನೀರೇ ನಿರ್ಧರಿಸುತ್ತದೆ. ಈ ಲೇಖನದ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ.

ಕಣಿವೆಯ ಆಯ್ಕೆ

ಮೊದಲ ಸಲ ಹೊರಡುವವರು ಗುರುತು ಹಾಕಿದ ದಾರಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅದರಲ್ಲೂ ಅರ್ಧ ದಿನದಲ್ಲಿ ಮುಗಿಯುವ ಒಂದು ತುಂಡನ್ನು ನಡೆದು ನೋಡಿ, ಆಮೇಲೆ ದೀರ್ಘ ದಾರಿಗೆ ಕೈಹಾಕಬೇಕು. ಜಪಾನಿನಲ್ಲಿ ಎದೋ (ಇಂದಿನ ಟೋಕಿಯೋ) ಮತ್ತು ಕ್ಯೋಟೋ ನಗರಗಳನ್ನು ಬೆಸೆದಿದ್ದ ನಾಕಾಸೆಂಡೊ ಹೆದ್ದಾರಿಯಲ್ಲಿ 69 ತಂಗುದಾಣದ ಊರುಗಳಿದ್ದವು. ಅವುಗಳಲ್ಲಿ ಕಿಸೊ ಕಣಿವೆಯ ಮಾಗೊಮೆ ಮತ್ತು ತ್ಸುಮಾಗೊ ನಡುವಿನ ಸುಮಾರು 8 ಕಿ.ಮೀ. ದಾರಿ ಇಂಥ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ. ಎರಡೂ ತುದಿಯಲ್ಲಿ ಹಳೆಯ ಊರು, ನಡುವೆ ಕಾಡು, ತೊರೆ, ಹೊಲ ಎಲ್ಲವೂ ಸಿಗುತ್ತವೆ. ಇನ್ನೊಂದು ತುದಿಯಲ್ಲಿ, ವಾರಗಟ್ಟಲೆ ನಡೆಯುವ ಉತ್ಸಾಹ ಇರುವವರಿಗೆ ಬ್ರಿಟನ್ನಿನ ವೈ ಕಣಿವೆಯ ದಾರಿ ಇದೆ. ಅದು ಚೆಪ್‌ಸ್ಟೋ ಕೋಟೆಯ ಬುಡದಿಂದ ಹೊರಟು, ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯನ್ನು ಹಲವು ಬಾರಿ ದಾಟುತ್ತ, ನದಿ ಹುಟ್ಟುವ ಪ್ಲಿನ್‌ಲಿಮನ್ ಬೆಟ್ಟದ ಕಡೆಗೆ ಸುಮಾರು 218 ಕಿ.ಮೀ. ಸಾಗುತ್ತದೆ.

ಗುರುತುಗಳ ಭಾಷೆ ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸಿನ ದೀರ್ಘ ಕಾಲುದಾರಿಗಳಲ್ಲಿ ಬಿಳಿ ಪಟ್ಟಿಯ ಕೆಳಗೆ ಕೆಂಪು ಪಟ್ಟಿ ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ ಎಂದರ್ಥ, ಅದೇ ಬಣ್ಣಗಳು ಅಡ್ಡಗೆರೆಗಳಾಗಿ ಒಂದನ್ನೊಂದು ಕತ್ತರಿಸಿದ್ದರೆ ಅದು ನಿಮ್ಮ ದಾರಿಯಲ್ಲ. ಇಂಗ್ಲೆಂಡಿನಲ್ಲಿ ಹಳದಿ ಬಾಣ ನಡೆಯುವವರಿಗೆ ಮಾತ್ರ ಮೀಸಲಾದ ಕಾಲುದಾರಿಯನ್ನೂ ನೀಲಿ ಬಾಣ ಕುದುರೆ ಮತ್ತು ಸೈಕಲ್ ಸವಾರರೂ ಬಳಸಬಹುದಾದ ದಾರಿಯನ್ನೂ ತೋರಿಸುತ್ತವೆ. ಸ್ಪೇನಿನ ಸ್ಯಾಂಟಿಯಾಗೊ ಯಾತ್ರಾ ಮಾರ್ಗದಲ್ಲಿ ಹಳದಿ ಬಾಣ ಮತ್ತು ಕಡಲ ಚಿಪ್ಪಿನ ಚಿತ್ರ ಜೊತೆಗಿರುತ್ತವೆ. ಹೋಗುವ ನಾಡಿನ ಗುರುತುಗಳನ್ನು ಹೊರಡುವ ಮೊದಲೇ ತಿಳಿದುಕೊಂಡರೆ ಕವಲು ದಾರಿಯಲ್ಲಿ ನಿಂತು ಯೋಚಿಸುವ ಸಮಯ ಉಳಿಯುತ್ತದೆ.

ಯಾರ ಜಮೀನಿನ ಮೇಲೆ ನಡೆಯಲು ಯಾರಿಗೆ ಹಕ್ಕಿದೆ ಎಂಬುದನ್ನೂ ಈ ಹಂತದಲ್ಲೇ ತಿಳಿದಿರಬೇಕು. ಸ್ವೀಡನ್ನಿನಲ್ಲಿ ಹಳ್ಳಿಗಾಡಿನಲ್ಲಿ ಓಡಾಡುವ ಸಾರ್ವಜನಿಕ ಹಕ್ಕು 1994ರಿಂದ ಸಂವಿಧಾನದಲ್ಲೇ ಉಲ್ಲೇಖಗೊಂಡಿದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಬಹುತೇಕ ಭೂಮಿ ಮತ್ತು ನೀರಿನ ಮೇಲೆ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ. ಆದರೆ ಅದರ ಪಕ್ಕದ ಇಂಗ್ಲೆಂಡಿನ ಹೊಲಗದ್ದೆಗಳಲ್ಲಿ ಸಾಮಾನ್ಯವಾಗಿ ನಕ್ಷೆಯಲ್ಲಿ ದಾಖಲಾದ ಕಾಲುದಾರಿಯ ಮೇಲಷ್ಟೇ ನಡೆಯಬಹುದು. ಇಂಥ ಕಾನೂನು ಇಲ್ಲದ ನಾಡುಗಳಲ್ಲಿ ಹೊಲದ ಒಡೆಯರನ್ನು ಕೇಳಿ ಮುಂದುವರಿಯುವುದೇ ಸರಿಯಾದ ಕ್ರಮ, ಮತ್ತು ಕೇಳಿದವರಿಗೆ ಬೇಡವೆನ್ನುವವರು ಕಡಿಮೆ.

ನಕ್ಷೆಯಲ್ಲಿ ನೀರನ್ನು ಓದುವುದು

1:50,000 ಅಳತೆಯ ನಕ್ಷೆಯಲ್ಲಿ ಒಂದು ಕಿಲೋಮೀಟರು 2 ಸೆಂಟಿಮೀಟರಾಗಿ ಕಾಣುತ್ತದೆ, 1:25,000 ಅಳತೆಯಲ್ಲಿ 4 ಸೆಂಟಿಮೀಟರಾಗುತ್ತದೆ. ಹಳ್ಳಿಗಾಡಿನ ನಡಿಗೆಗೆ ನಾನು ಎರಡನೆಯದನ್ನೇ ಒತ್ತಾಯಿಸುತ್ತೇನೆ, ಯಾಕೆಂದರೆ ಬೇಲಿ, ಕಾಲುಸಂಕ, ಒಂಟಿಮನೆ, ಸಣ್ಣ ಹಳ್ಳ ಇವೆಲ್ಲ ಸ್ಪಷ್ಟವಾಗಿ ಕಾಣುವುದು ಆ ಅಳತೆಯಲ್ಲಿ. ಅಂಥ ನಕ್ಷೆ ಸಿಗದ ಕಡೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯನ್ನು ಆಧರಿಸಿದ ಯಾವುದಾದರೂ ಆ್ಯಪಿನಲ್ಲಿ ಆ ಪ್ರದೇಶವನ್ನು ಮೊದಲೇ ಇಳಿಸಿಕೊಂಡು, ಉಪಗ್ರಹ ಚಿತ್ರದೊಂದಿಗೆ ಹೋಲಿಸಿ ನೋಡಬೇಕು. ಕಣಿವೆಯ ತಳದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದು ಸಾಮಾನ್ಯ.

ನಕ್ಷೆ ಹರಡಿಕೊಂಡ ಮೇಲೆ ಮೊದಲ ಕೆಲಸ ಸೇತುವೆಗಳನ್ನೆಲ್ಲ ಗುರುತು ಮಾಡುವುದು. ಊರುಗಳನ್ನು ಗುರುತಿಸುವ ಕೆಲಸ ಅದಾದ ಮೇಲೆ ಬರುತ್ತದೆ. ಎರಡು ಸೇತುವೆಗಳ ನಡುವಿನ ಉದ್ದವೇ ನಿಮ್ಮ ನಡಿಗೆಯ ನಿಜವಾದ ಘಟಕ, ಯಾಕೆಂದರೆ ಆ ಉದ್ದದಲ್ಲಿ ದಡ ಕುಸಿದಿದ್ದರೆ, ದಾರಿ ಮುಳುಗಿದ್ದರೆ ಅಥವಾ ಯಾರಿಗಾದರೂ ಕಾಲು ಉಳುಕಿದರೆ ಆಚೆ ದಡಕ್ಕೆ ಹೋಗಲು ಮುಂದಿನ ಸೇತುವೆಯವರೆಗೆ ನಡೆಯಬೇಕು, ಇಲ್ಲವೇ ಹಿಂದಿನದಕ್ಕೆ ಮರಳಬೇಕು. ಈ ಉದ್ದ ಎಂಟು ಹತ್ತು ಕಿಲೋಮೀಟರಿಗೂ ಹೆಚ್ಚಿದ್ದರೆ, ನದಿಯಿಂದ ಮೇಲಕ್ಕೆ ಹೊರಟು ರಸ್ತೆ ಸೇರುವ ಒಂದು ಪಾರಾಗುವ ದಾರಿಯನ್ನು ಅದೇ ಹೊತ್ತಿಗೆ ಗುರುತು ಹಾಕಿಕೊಳ್ಳಿ.

ಎರಡನೆಯದಾಗಿ ನದಿಯ ತಿರುವುಗಳನ್ನು ನೋಡಬೇಕು. ಹರಿವು ತಿರುವಿನ ಹೊರಬದಿಗೆ ಬಲವಾಗಿ ಬಡಿದು ದಡವನ್ನು ಕೊರೆಯುತ್ತದೆ, ಒಳಬದಿಯಲ್ಲಿ ನಿಧಾನವಾಗಿ ಹರಿದು ಮರಳು, ಜಲ್ಲಿ ಹಾಕುತ್ತದೆ. ಹೀಗಾಗಿ ಹೊರಬದಿಯ ದಡದ ಅಂಚಿನಲ್ಲೇ ಸಾಗುವ ಕಾಲುದಾರಿ ಹಳೆಯ ನಕ್ಷೆಯಲ್ಲಿದ್ದರೂ ಈಗ ನದಿಯ ಪಾಲಾಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ದಡದ ಅಂಚಿನಿಂದ ನಾಲ್ಕು ಹೆಜ್ಜೆ ದೂರವೇ ನಡೆಯಬೇಕು. ಮೇಲೆ ಹುಲ್ಲು ಹಸಿರಾಗಿದ್ದರೂ ಅದರ ಅಡಿಯ ಮಣ್ಣು ಕೊಚ್ಚಿಹೋಗಿ ಟೊಳ್ಳಾಗಿರಬಹುದು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ತೊರೆಯನ್ನು ದಾಟುವಾಗ ಮೊನಚಾಗಿ ಬಾಗುತ್ತವೆ, ಆ ಮೊನೆ ಯಾವಾಗಲೂ ತೊರೆ ಹರಿದುಬರುವ ಮೇಲಿನ ದಿಕ್ಕನ್ನೇ ತೋರಿಸುತ್ತದೆ. ಅಂಥ ಮೊನೆಗಳು ಸಾಲಾಗಿ ಕಂಡರೆ ಕಣಿವೆಯ ಬದಿಯಿಂದ ಇಳಿಯುವ ಉಪಹಳ್ಳಗಳು ಅಲ್ಲಿವೆ ಎಂದರ್ಥ. ಮುಖ್ಯ ನದಿಗೆ ಸೇತುವೆ ಇದ್ದರೂ ಈ ಉಪಹಳ್ಳಗಳಿಗೆ ಇರುವುದಿಲ್ಲ. ಚಾರಣಿಗರು ತೊಂದರೆಗೆ ಸಿಕ್ಕಿಬೀಳುವುದು ಬಹಳ ಸಲ ಇಂಥ ಹೆಸರಿಲ್ಲದ ಹಳ್ಳಗಳಲ್ಲೇ.

ಕೊನೆಗೆ ಅಣೆಕಟ್ಟು ಮತ್ತು ಒಡ್ಡುಗಳನ್ನು ಗುರುತಿಸಿ. ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ಬಿಸಿಲಿನ ದಿನದಲ್ಲೂ ಬಾಗಿಲು ತೆರೆದ ಕೂಡಲೇ ನೀರು ಏರಬಹುದು, ಆದ್ದರಿಂದ ಸೈರನ್ ಅಥವಾ ಎಚ್ಚರಿಕೆ ಫಲಕ ಇರುವ ನದಿಪಾತ್ರದಲ್ಲಿ ಇಳಿದು ಕೂರಬಾರದು.

ಋತು ಮತ್ತು ನೀರಿನ ಮಟ್ಟ

ಮಳೆಯಿಂದ ತುಂಬುವ ನದಿ, ಹಿಮದಿಂದ ತುಂಬುವ ನದಿ ಮತ್ತು ಕಡಲಿನ ಉಬ್ಬರಕ್ಕೆ ಒಳಗಾಗುವ ನದಿ, ಈ ಮೂರರ ನಡವಳಿಕೆ ಮೂರು ಬಗೆ. ಮಳೆನದಿಯಲ್ಲಿ ನೀವಿರುವ ಜಾಗದ ಆಕಾಶಕ್ಕಿಂತ ಮೇಲ್ಭಾಗದ ಆಕಾಶ ಮುಖ್ಯ. ಮೋಡ ಅಲ್ಲಿ ಒಡೆದು ಕೆಲವು ಗಂಟೆಗಳ ಮೇಲೆ ನೆರೆ ಇಲ್ಲಿಗೆ ಬರುತ್ತದೆ. ಹಿಮ ಕರಗಿ ತುಂಬುವ ನದಿಯಲ್ಲಿ ನೀರು ವಸಂತದ ಕೊನೆ ಮತ್ತು ಬೇಸಿಗೆಯ ಮೊದಲಿನಲ್ಲಿ ಹೆಚ್ಚು, ಮತ್ತು ಒಂದೇ ದಿನದೊಳಗೂ ಮಧ್ಯಾಹ್ನದಿಂದ ಸಂಜೆಯವರೆಗೆ ಏರಿ ಬೆಳಗಿನ ಜಾವ ಕಡಿಮೆಯಾಗುತ್ತದೆ. ಆ ಹೊಳೆಗಳನ್ನು ದಾಟುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಬೇಕು. ಕಡಲಿಗೆ ಹತ್ತಿರದ ನದಿಗಳಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ಇಲ್ಲದೆ ದಡದ ಕೆಳಗಿಳಿಯುವುದು ಅಪಾಯ. ಮೇಲೆ ಹೇಳಿದ ವೈ ನದಿಯ ಕೆಳಭಾಗವೇ ಇದಕ್ಕೆ ಉದಾಹರಣೆ. ಅದು ಸೇರುವ ಸೆವರ್ನ್ ಅಳಿವೆಯಲ್ಲಿ ಉಬ್ಬರ ಮತ್ತು ಇಳಿತದ ನಡುವಿನ ಎತ್ತರ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು, ಅದರ ಪರಿಣಾಮ ಟಿಂಟರ್ನ್ ಮಠದ ಅವಶೇಷಗಳನ್ನೂ ದಾಟಿ ಮೇಲೆ ಹೋಗುತ್ತದೆ. ಬೆಳಿಗ್ಗೆ ಕೆಸರಿನ ದಂಡೆಯಾಗಿ ಕಂಡ ಜಾಗ ಮಧ್ಯಾಹ್ನ ನೀರಿನಡಿ ಇರುತ್ತದೆ.

ಮಳೆಗಾಲ ಮುಗಿದು ನೀರು ತಿಳಿಯಾಗಿ, ಬೆಳೆ ಇನ್ನೂ ಹೊಲದಲ್ಲಿರುವ ತಿಂಗಳುಗಳು ಕಣ್ಣಿಗೆ ಅತಿ ಸೊಗಸು. ಕೊಯ್ಲಾದ ಮೇಲಿನ ತಿಂಗಳುಗಳು ಕಾಲಿಗೆ ಸುಲಭ, ಏಕೆಂದರೆ ಮಣ್ಣು ಗಟ್ಟಿಯಾಗಿರುತ್ತದೆ, ಬದುಗಳು ಬಿಟ್ಟುಕೊಂಡಿರುತ್ತವೆ. ಆಯ್ಕೆ ನಿಮ್ಮದು.

ದಿನದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದನ್ನು ಇಂದಿನ ಅಳತೆಗೆ ತಂದರೆ, ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ ಬೇಕಾಗುವ ಸಮಯ. ಕಣಿವೆಯ ದಾರಿಯಲ್ಲಿ ಏರು ಕಡಿಮೆಯೆಂದು ಈ ಲೆಕ್ಕ ಸಲೀಸಾಗಿ ಕಾಣುತ್ತದೆ, ಆದರೆ ಬೇಲಿ ಹತ್ತುವುದು, ದ್ವಾರಗಳನ್ನು ತೆಗೆದು ಮುಚ್ಚುವುದು, ಕೆಸರು ಬಳಸಿಕೊಂಡು ಹೋಗುವುದು, ಕವಲಿನಲ್ಲಿ ದಾರಿ ಖಚಿತಪಡಿಸಿಕೊಳ್ಳುವುದು ಇವೆಲ್ಲ ಸೇರಿ ವೇಗ ಗಂಟೆಗೆ 3 ಅಥವಾ 3.5 ಕಿ.ಮೀ.ಗೆ ಇಳಿಯುತ್ತದೆ. ಆ ವೇಗದಲ್ಲಿ 16 ಕಿ.ಮೀ. ನಡೆಯಲು ಸುಮಾರು ಐದು ಗಂಟೆ ಬೇಕು. ದಾರಿಯಲ್ಲಿ ಎರಡು ಹಳೆಯ ಊರುಗಳಿದ್ದರೆ ಒಂದೊಂದಕ್ಕೂ ಕನಿಷ್ಠ ಒಂದು ಗಂಟೆ, ಊಟಕ್ಕೆ ಒಂದು ಗಂಟೆ ಸೇರಿಸಿ. ಬೆಳಿಗ್ಗೆ ಎಂಟಕ್ಕೆ ಹೊರಟವರು ಸಂಜೆ ನಾಲ್ಕಕ್ಕೆ ತಲುಪುತ್ತಾರೆ, ಕತ್ತಲಾಗುವ ಮೊದಲು ಒಂದಿಷ್ಟು ಹೊತ್ತು ಕೈಯಲ್ಲಿ ಉಳಿದಿರುತ್ತದೆ.

ದಿನಕ್ಕೆ 25 ಕಿ.ಮೀ. ನಡೆಯಬಲ್ಲವರೂ ಇಂಥ ದಾರಿಯಲ್ಲಿ 15ರಿಂದ 18ಕ್ಕೆ ನಿಲ್ಲಿಸುವುದು ಲೇಸು ಎಂಬುದು ನನ್ನ ದೃಢ ಅಭಿಪ್ರಾಯ. ಇಲ್ಲದಿದ್ದರೆ ಬಂದದ್ದು ಯಾವುದನ್ನು ನೋಡಲಿಕ್ಕೋ ಅದರ ಪಕ್ಕದಲ್ಲೇ ಗಡಿಯಾರ ನೋಡುತ್ತ ಹಾದುಹೋಗಬೇಕಾಗುತ್ತದೆ.

ಚೀಲ

ತಂಗಲು ಊರು ಇರುವ ದಾರಿಯಾದ್ದರಿಂದ ಚೀಲ ಹಗುರಾಗಿರಲಿ. ನಿಮ್ಮ ತೂಕದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಚೆನ್ನ. ಬೇಗ ಒಣಗುವ ಬಟ್ಟೆ, ಮಳೆ ಅಂಗಿ, ಮೂರು ಜೊತೆ ಸಾಕ್ಸ್, ಹೊಳೆ ದಾಟಲು ಹಿಂಬದಿ ಪಟ್ಟಿಯಿರುವ ಹಗುರ ಚಪ್ಪಲಿ, ತಲೆಗೆ ಕಟ್ಟುವ ಟಾರ್ಚು, ದಿಕ್ಸೂಚಿ, ಸೀಟಿ, ಪವರ್ ಬ್ಯಾಂಕ್, ಎರಡು ಲೀಟರ್ ನೀರಿಗೆ ಬಾಟಲಿ, ನಡಿಗೆ ಕೋಲು. ಹತ್ತಿಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಚಳಿಯಲ್ಲಿ ಮೈಯ ಶಾಖ ಹೀರುತ್ತದೆ. ಒಳಗಿನ ಸಾಮಾನನ್ನೆಲ್ಲ ನೀರು ಒಳಹೋಗದ ಚೀಲದಲ್ಲಿ ಕಟ್ಟಿ. ಚೀಲದ ಹೊರಹೊದಿಕೆಯೊಂದನ್ನೇ ನಂಬಬೇಡಿ. ಹಿಮ್ಮಡಿಯಲ್ಲಿ ಬಿಸಿ ಅನ್ನಿಸಿದ ಕ್ಷಣವೇ ನಿಂತು ಟೇಪು ಅಂಟಿಸಬೇಕು, ಮುಂದಿನ ಊರಿನವರೆಗೆ ತಡೆದುಕೊಂಡರೆ ಗುಳ್ಳೆ ಏಳುತ್ತದೆ.

ಹೊಲ, ಬೇಲಿ, ದನಕರು

ದ್ವಾರಗಳನ್ನು ಹೇಗೆ ಕಂಡಿರೋ ಹಾಗೆಯೇ ಬಿಡಬೇಕು: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದಿಡಿ. ತೆರೆದಿಟ್ಟ ದ್ವಾರ ದನಗಳು ನೀರಿಗೆ ಹೋಗಲೆಂದೇ ಇರಬಹುದು. ಬೆಳೆಯ ನಡುವೆ ದಾರಿ ಇದ್ದರೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು; ದಾರಿ ಇಲ್ಲದಿದ್ದರೆ ಬದುವಿನ ಮೇಲೆ ಸುತ್ತಿ ಹೋಗಬೇಕು.

ದನಗಳ ಹಿಂಡನ್ನು ಕಂಡು ಹೆದರಬೇಕಿಲ್ಲ, ಆದರೆ ತಾಯಿಗೂ ಕರುವಿಗೂ ನಡುವೆ ಎಂದಿಗೂ ಹೋಗಬಾರದು. ಹಿಂಡು ದಾರಿಯ ಮೇಲೆಯೇ ಇದ್ದರೆ ದೂರದಿಂದಲೇ ನಿಧಾನವಾಗಿ ಸುತ್ತು ಹಾಕಿ. ನಿಮ್ಮ ಜೊತೆ ನಾಯಿ ಇದ್ದು ದನಗಳು ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಬೇಕು, ಅದು ನಿಮಗಿಂತ ವೇಗವಾಗಿ ಪಾರಾಗುತ್ತದೆ. ಕಾವಲು ನಾಯಿಗಳು ಎದುರಾದರೆ ಓಡದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಕೋಲನ್ನು ಎತ್ತದೆ ಅಡ್ಡಹೆಜ್ಜೆಯಲ್ಲಿ ಅವುಗಳ ಎಲ್ಲೆಯಿಂದ ಹೊರಗೆ ಸರಿಯುವುದು ಸರಿ. ನದಿಯಂಚಿನ ಎತ್ತರದ ಹುಲ್ಲಿನಲ್ಲಿ ನಡೆದ ದಿನ ಸಂಜೆ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಿನಂಚು ಇವುಗಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಕಂಡರೆ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ, ಒಂದೇ ಸಮನೆ ಎಳೆದು ತೆಗೆಯಬೇಕು. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಕೂಡದು. ನಂತರದ ವಾರಗಳಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ವೈದ್ಯರಿಗೆ ಉಣುಗಿನ ವಿಷಯವನ್ನು ಮರೆಯದೆ ತಿಳಿಸಿ.

ಹೊಳೆ ದಾಟುವುದು

ದಾಟದೆ ಇರಲು ಸಾಧ್ಯವಿದ್ದರೆ ದಾಟಬೇಡಿ. ಸೇತುವೆಗಾಗಿ ಎರಡು ಗಂಟೆ ಸುತ್ತುವುದು ಬೇಸರದ ಕೆಲಸ ನಿಜ, ಆದರೆ ಹರಿಯುವ ನೀರಿನ ಬಲವನ್ನು ಕಣ್ಣು ಯಾವಾಗಲೂ ಕಡಿಮೆಯೆಂದೇ ಅಂದಾಜು ಮಾಡುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ಕಾಲಿನ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ರಭಸದ ನೆರೆನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ದೊಡ್ಡವರನ್ನು ಕೆಡವಬಲ್ಲದು. ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ, ಕೊಂಬೆ ರೆಂಬೆಗಳು ತೇಲಿ ಬರುತ್ತಿದ್ದರೆ, ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳಿದರೆ, ತಳ ಕಾಣದಿದ್ದರೆ, ಮೊಣಕಾಲಿಗಿಂತ ಆಳವಿದ್ದು ಹರಿವು ಜೋರಾಗಿದ್ದರೆ ದಾಟುವ ಮಾತೇ ಬೇಡ.

ಇವು ಯಾವುವೂ ಇಲ್ಲವೆಂದಾದರೆ ಜಾಗ ಹುಡುಕಿ. ಕಿರಿದಾದ ಕಡೆ ದಾಟುವುದು ಬೇಗ ಎಂದು ಎಲ್ಲರಿಗೂ ಅನ್ನಿಸುತ್ತದೆ, ಆದರೆ ಅಷ್ಟೇ ನೀರು ಕಿರಿದಾದ ಜಾಗದಲ್ಲಿ ಆಳವಾಗಿಯೂ ರಭಸವಾಗಿಯೂ ಹರಿಯಲೇಬೇಕು. ತಿರುವಿನಿಂದ ದೂರವಿರುವ, ನೇರವಾದ, ಅಗಲವಾದ, ಜಲ್ಲಿಕಲ್ಲಿನ ಮೇಲೆ ಸಣ್ಣ ಅಲೆಗಳೆದ್ದು ಹರಿಯುವ ಭಾಗ ಒಳ್ಳೆಯದು. ಆಯ್ದ ಜಾಗದಿಂದ ನೂರಿನ್ನೂರು ಹೆಜ್ಜೆ ಕೆಳಗೆ ಏನಿದೆ ಎಂದು ಹೋಗಿ ನೋಡಿಕೊಂಡು ಬನ್ನಿ. ಅಲ್ಲಿ ಮಡು, ಬಿದ್ದ ಮರ, ಒಡ್ಡು ಅಥವಾ ಜಲಪಾತವಿದ್ದರೆ ಬೇರೆ ಜಾಗ ನೋಡಬೇಕು, ಏಕೆಂದರೆ ಜಾರಿದವರನ್ನು ನೀರು ಒಯ್ಯುವುದು ಅಲ್ಲಿಗೇ. ಬಿದ್ದ ಮರ ವಿಶೇಷವಾಗಿ ಅಪಾಯಕಾರಿ. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಇಳಿಯುವ ಮೊದಲು ಚೀಲದ ಸೊಂಟಪಟ್ಟಿ ಮತ್ತು ಎದೆಪಟ್ಟಿ ಬಿಚ್ಚಿ, ಭುಜದ ಪಟ್ಟಿಗಳನ್ನು ಸ್ವಲ್ಪ ಸಡಿಲಿಸಿ. ಬಿದ್ದರೆ ಚೀಲವನ್ನು ಕ್ಷಣದಲ್ಲಿ ಕಳಚಲು ಬರಬೇಕು. ಬರಿಗಾಲಲ್ಲಿ ಇಳಿಯಬಾರದು. ಮುಖವನ್ನು ಹರಿವಿನ ಎದುರಿಗೆ, ಸ್ವಲ್ಪ ಓರೆಯಾಗಿಟ್ಟು, ಕೋಲನ್ನು ನೀರು ಬರುವ ಕಡೆಗೆ ಊರಿ ಅದರ ಮೇಲೆ ಬಾಗಿ ನಿಲ್ಲಿ. ಕೋಲು ಒಂದು, ಕಾಲು ಎರಡು. ಈ ಮೂರರಲ್ಲಿ ಒಂದು ಮಾತ್ರ ಒಮ್ಮೆಗೆ ಚಲಿಸಬೇಕು, ಉಳಿದೆರಡು ತಳಕ್ಕೆ ಗಟ್ಟಿಯಾಗಿ ಕಚ್ಚಿರಬೇಕು. ಪಾದವನ್ನು ಎತ್ತಿಡದೆ ತಳವನ್ನು ತಡವುತ್ತ ಜಾರಿಸಿ, ಕಲ್ಲಿನ ಮೇಲೆ ಕಾಲಿಡದೆ ಕಲ್ಲುಗಳ ನಡುವೆ ಇಡಿ, ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಕಬೇಡಿ. ಮೂರು ನಾಲ್ಕು ಜನರಿದ್ದರೆ ತೋಳಿಗೆ ತೋಳು ಸೇರಿಸಿ ಸಾಲಾಗಿ, ಬಲಶಾಲಿಯನ್ನು ನೀರು ಬರುವ ತುದಿಯಲ್ಲಿಟ್ಟು ಒಟ್ಟಿಗೆ ದಾಟಬಹುದು. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ದಾಟುವವರನ್ನು ನೋಡಿದ್ದೇನೆ. ತರಬೇತಿ ಇಲ್ಲದವರು ಹಾಗೆ ಮಾಡಬಾರದು, ಜಾರಿ ಬಿದ್ದವರನ್ನು ಬಿಗಿದ ಹಗ್ಗ ನೀರಿನಡಿಯೇ ಹಿಡಿದಿಡುತ್ತದೆ. ಅರ್ಧ ದಾಟಿದ ಮೇಲೆ ಕಷ್ಟವೆನಿಸಿದರೆ ಮರಳಿ ಬರಲು ಹಿಂಜರಿಯಬೇಡಿ. ಒಂದು ವೇಳೆ ಕೊಚ್ಚಿಕೊಂಡು ಹೋದರೆ ಚೀಲ ಕಳಚಿ, ಬೆನ್ನ ಮೇಲೆ ತೇಲುತ್ತ, ಪಾದಗಳನ್ನು ಮುಂದಕ್ಕೆ ಚಾಚಿಕೊಂಡು, ದಡದ ಕಡೆಗೆ ಓರೆಯಾಗಿ ಕೈಬೀಸಬೇಕು. ನೀರು ತೀರ ತೆಳುವಾಗುವವರೆಗೆ ಎದ್ದು ನಿಲ್ಲಲು ಹೋಗಬಾರದು, ಪಾದ ಕಲ್ಲಿನ ಸಂದಿಯಲ್ಲಿ ಸಿಲುಕಿದರೆ ಹರಿವು ಮೈಯನ್ನು ಮುಂದಕ್ಕೆ ಮಡಚಿಬಿಡುತ್ತದೆ.

ಹಳೆಯ ಗಿರಣಿಗಳ ಒಡ್ಡಿನ ಮೇಲೆ ನಡೆದು ದಾಟುವ ಆಸೆ ಬರುವುದು ಸಹಜ, ಏಕೆಂದರೆ ನೀರು ಅಲ್ಲಿ ತೆಳ್ಳಗೆ, ಶಾಂತವಾಗಿ ಹರಿಯುತ್ತಿರುತ್ತದೆ. ಪಾಚಿ ಕಟ್ಟಿದ ಆ ಕಲ್ಲಿನಿಂದ ಜಾರಿದವರು ಬೀಳುವ ಕೆಳಗಿನ ನೀರು ತನ್ನೊಳಗೇ ಹಿಂದಕ್ಕೆ ಸುತ್ತುತ್ತಿರುತ್ತದೆ, ಈಜು ಬಲ್ಲವರನ್ನೂ ಮತ್ತೆ ಮತ್ತೆ ಒಡ್ಡಿನ ಬುಡಕ್ಕೇ ಎಳೆಯುತ್ತದೆ. ಅದನ್ನು ದೂರದಿಂದಲೇ ನೋಡಿ.

ಕುಡಿಯುವ ನೀರು

ಹಳ್ಳಿಗಾಡಿನ ನದಿಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೆಯೇ ಕುಡಿಯಬಾರದು. ಮೇಲೆಲ್ಲೋ ದನಗಳು ನೀರಿಗಿಳಿದಿರುತ್ತವೆ, ಊರಿನ ಚರಂಡಿ ಸೇರಿರುತ್ತದೆ. ನೀರು ಜೋರಾಗಿ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ, 2,000 ಮೀಟರಿಗಿಂತ ಎತ್ತರದ ಜಾಗಗಳಲ್ಲಿ ಮೂರು ನಿಮಿಷ ಬೇಕು. 0.2 ಮೈಕ್ರಾನ್ ರಂಧ್ರದ ಶೋಧಕ ಬ್ಯಾಕ್ಟೀರಿಯಾ ಮತ್ತು ಪರಾವಲಂಬಿಗಳನ್ನು ತಡೆಯುತ್ತದೆ, ವೈರಸ್ಸನ್ನು ತಡೆಯದು. ಕ್ಲೋರಿನ್ ಮಾತ್ರೆ ವೈರಸ್ಸಿಗೆ ಆಗುತ್ತದೆ, ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿ ಶೋಧಿಸಿ, ಆಮೇಲೆ ಮಾತ್ರೆ ಹಾಕುವುದು ಕ್ಷೇಮ. ಇವುಗಳಲ್ಲಿ ಯಾವುದೂ ಕೀಟನಾಶಕ, ಗೊಬ್ಬರದ ಅಂಶವನ್ನಾಗಲಿ ನೀಲಿಹಸಿರು ಪಾಚಿಯ ವಿಷವನ್ನಾಗಲಿ ಪೂರ್ತಿ ತೆಗೆಯುವುದಿಲ್ಲ. ಆದ್ದರಿಂದ ಬೆಳೆಹೊಲಗಳ ಕೆಳಗಿನ ನದಿಯನ್ನು ಬಿಟ್ಟು ಊರಿನ ನಲ್ಲಿಯಲ್ಲೇ ಬಾಟಲಿ ತುಂಬಿಕೊಳ್ಳುವುದು ಜಾಣತನ. ನೆರೆ ಇಳಿದ ಮೇಲಿನ ಕೆಸರಿನಲ್ಲಿ ಕಾಲಿಗೆ ಗಾಯವಿದ್ದರೆ ಅದನ್ನು ನೀರು ತಾಗದಂತೆ ಮುಚ್ಚಿ. ಇಲಿಜ್ವರದ ರೋಗಾಣು ಒಳಹೋಗುವುದು ಅಂಥ ಗಾಯದ ಮೂಲಕ.

ಹಳೆಯ ಊರನ್ನು ನೋಡುವ ಕ್ರಮ

ನಡೆದುಕೊಂಡು ಊರು ಪ್ರವೇಶಿಸುವವರಿಗೆ ವಾಹನದಲ್ಲಿ ಬರುವವರಿಗಿಲ್ಲದ ಒಂದು ಅನುಕೂಲವಿದೆ: ಊರು ಹುಟ್ಟಿದ ದಿಕ್ಕಿನಿಂದಲೇ ಅವರು ಒಳಗೆ ಬರುತ್ತಾರೆ. ಹೆದ್ದಾರಿ ಊರಿನ ಬೆನ್ನಿಗೆ ತಾಗಿಕೊಂಡಿದ್ದರೆ, ಕಾಲುದಾರಿ ನದಿಯ ಕಡೆಯಿಂದ, ಅಂದರೆ ಊರಿನ ಮುಖದ ಕಡೆಯಿಂದ ಬರುತ್ತದೆ. ಆದ್ದರಿಂದ ಮೊದಲು ನದಿಯ ದಡದಲ್ಲಿ ನಿಂತು, ಊರು ನೀರಿನಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಹಳೆಯ ಮನೆಗಳು ಸಾಮಾನ್ಯವಾಗಿ ನೆರೆಯ ಬಯಲನ್ನು ಬಿಟ್ಟು ಅದರ ಮೇಲಿನ ದಿಬ್ಬದಲ್ಲಿರುತ್ತವೆ. ತಗ್ಗಿನಲ್ಲಿರುವವು ಹೆಚ್ಚಾಗಿ ಗಿರಣಿ, ಉಗ್ರಾಣ, ಚರ್ಮ ಹದ ಮಾಡುವ ಜಾಗ, ಇಲ್ಲವೇ ತೀರ ಇತ್ತೀಚಿನ ಮನೆಗಳು. ದಡದ ಹತ್ತಿರದ ಗೋಡೆ ಅಥವಾ ಸೇತುವೆಯ ಕಂಬದ ಮೇಲೆ ಅಡ್ಡಗೀಟು ಮತ್ತು ಪಕ್ಕದಲ್ಲಿ ಇಸವಿ ಕೆತ್ತಿರುವುದು ಹಲವು ಕಡೆ ಕಾಣಸಿಗುತ್ತದೆ. ಅದು ಆ ವರ್ಷ ನೆರೆ ಏರಿದ ಮಟ್ಟ. ಅದರ ಪಕ್ಕದಲ್ಲಿ ನಿಂತು ನಿಮ್ಮ ಎತ್ತರಕ್ಕೆ ಹೋಲಿಸಿಕೊಂಡರೆ ಕಣಿವೆಯ ಬಗ್ಗೆ ಯಾವ ಫಲಕವೂ ಹೇಳದಷ್ಟು ತಿಳಿಯುತ್ತದೆ.

ಸೇತುವೆಯಿಂದಲೇ ಬೆಳೆದ ಊರಿಗೆ ಸ್ಪೇನಿನ ಪುಯೆಂತೆ ಲಾ ರೇನಾ ಬಹಳ ಒಳ್ಳೆಯ ಉದಾಹರಣೆ. ಅರ್ಗಾ ನದಿಯ ಮೇಲಿನ ಅಲ್ಲಿನ ಕಲ್ಲಿನ ಸೇತುವೆ 11ನೇ ಶತಮಾನದ್ದು, ಮೇಲೆ ಹೇಳಿದ ಸ್ಯಾಂಟಿಯಾಗೊ ಮಾರ್ಗದ ಯಾತ್ರಿಕರಿಗಾಗಿ ಕಟ್ಟಿದ್ದು. ಊರಿನ ಮುಖ್ಯ ಬೀದಿ ನೇರವಾಗಿ ಸೇತುವೆಯ ಬಾಯಿಗೇ ಹೋಗಿ ಸೇರುತ್ತದೆ. ಬೀದಿ ಕಿರಿದು, ಮನೆಗಳು ಒಂದಕ್ಕೊಂದು ಒತ್ತಿಕೊಂಡಿವೆ, ಏಕೆಂದರೆ ಹಾದುಹೋಗುವವರ ದಾರಿಗೆ ಮುಖ ಮಾಡಿರುವುದು ಎಲ್ಲರಿಗೂ ಬೇಕಿತ್ತು. ಸೇತುವೆಯನ್ನು ದಾಟಿ ಬಿಡದೆ ಪಕ್ಕದ ದಡಕ್ಕೆ ಇಳಿದು ನೋಡಬೇಕು. ನಡುವಿನ ಕಮಾನು ಎತ್ತರ, ಬದಿಯವು ತಗ್ಗು, ಹಾಗಾಗಿ ಸೇತುವೆಯ ಬೆನ್ನು ನಡುವೆ ಉಬ್ಬಿದೆ. ದೊಡ್ಡ ಕಮಾನುಗಳ ನಡುವೆ, ಕಂಬಗಳ ಮೇಲ್ಭಾಗದಲ್ಲಿ ಸಣ್ಣ ಕಮಾನುಗಳ ಕಿಂಡಿಗಳಿವೆ. ನೆರೆ ಬಂದಾಗ ನೀರು ಆ ಕಿಂಡಿಗಳಿಂದಲೂ ಹರಿದುಹೋಗುವುದರಿಂದ ಸೇತುವೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಕಟ್ಟಡದ ಭಾರವೂ ಇಳಿಯುತ್ತದೆ. ಯಾವ ಹಳೆಯ ಸೇತುವೆಗೆ ಬಂದರೂ ಹೀಗೆ ಕೆಳಗಿಳಿದು, ಕಂಬದ ಬುಡ ಮೇಲ್ಬದಿಗೆ ಮೊನಚಾಗಿದೆಯೇ, ಕಮಾನುಗಳು ಒಂದೇ ಅಳತೆಯವೇ, ಕಲ್ಲಿನ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ನೋಡಿ. ಬಣ್ಣ ಬದಲಾದ ಕಡೆ ಯಾವುದೋ ಕಾಲದಲ್ಲಿ ದುರಸ್ತಿಯಾಗಿರುವ ಸಾಧ್ಯತೆ ಹೆಚ್ಚು.

ಫ್ರಾನ್ಸಿನ ಲಾಟ್ ಕಣಿವೆಯಲ್ಲಿ ದಾರಿಯೇ ಚರಿತ್ರೆಯಾಗಿದೆ. ಬೂಝಿಯೆಸ್ ಎಂಬ ಊರಿನ ಬಳಿ ಸುಣ್ಣಕಲ್ಲಿನ ಬಂಡೆ ನೇರವಾಗಿ ನೀರಿಗಿಳಿಯುವುದರಿಂದ, ದೋಣಿಗಳನ್ನು ದಡದಿಂದ ಹಗ್ಗ ಹಿಡಿದು ಎಳೆಯುವವರಿಗಾಗಿ 19ನೇ ಶತಮಾನದಲ್ಲಿ ಬಂಡೆಯ ಪಕ್ಕೆಯನ್ನೇ ಕೊರೆದು ದಾರಿ ಮಾಡಿದ್ದಾರೆ. ಇಂದು ಚಾರಣಿಗರು ಆ ಬಂಡೆಯ ಚಾಚಿನ ಕೆಳಗೆ ನೀರಿನ ಪಕ್ಕದಲ್ಲೇ ನಡೆದು, ಮುಂದೆ ನದಿಯಿಂದ ಸುಮಾರು ನೂರು ಮೀಟರ್ ಎತ್ತರದ ಬಂಡೆಗೆ ಅಂಟಿಕೊಂಡಿರುವ ಸ್ಯಾಂ ಸಿರ್ಕ್ ಲಾಪೊಪಿ ಎಂಬ ಹಳೆಯ ಊರಿಗೆ ಏರುತ್ತಾರೆ. ದೋಣಿ ಎಳೆಯುವ ದಾರಿ, ಗಿರಣಿಯ ಕಾಲುವೆಯ ದಡ, ಕೈಬಿಟ್ಟ ರೈಲುಹಳಿಯ ಜಾಡು, ಈ ಮೂರು ಎಲ್ಲಿ ಸಿಕ್ಕರೂ ಬಿಡಬೇಡಿ. ಅವುಗಳಲ್ಲಿ ಏರಿಳಿತ ಕಡಿಮೆ, ಜೊತೆಗೆ ಆ ಕಣಿವೆಯ ಜನ ಯಾವುದರಿಂದ ಬದುಕುತ್ತಿದ್ದರು ಎಂಬುದಕ್ಕೆ ಸಾಕ್ಷಿ.

ಚೆನ್ನಾಗಿ ಉಳಿದಿರುವ ಊರುಗಳಲ್ಲಿ ಬಹುಪಾಲು ಸುಮ್ಮನೆ ಉಳಿದವಲ್ಲ. ತ್ಸುಮಾಗೊದ ನಿವಾಸಿಗಳು ಮನೆ, ಹೊಲ, ಕಾಡುಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು 1971ರಲ್ಲಿ ತಾವೇ ಒಪ್ಪಂದ ಮಾಡಿಕೊಂಡರು. 1976ರಲ್ಲಿ ಆ ಊರು ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರಿದ ಮೊದಲ ಕೆಲವು ಊರುಗಳಲ್ಲಿ ಒಂದಾಯಿತು. ಇಂಥ ಊರು ಜನವಸತಿಯಿರುವ ಊರು ಎಂಬುದನ್ನು ನಡೆಯುವವರು ಮರೆಯಬಾರದು. ಅಂಗಳಕ್ಕೆ ಕಾಲಿಡುವ ಮೊದಲು ಕೇಳಿ, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ, ಪೂಜಾಸ್ಥಳದ ಬಾಗಿಲಲ್ಲಿ ಶೂ, ತಲೆಯುಡುಪಿನ ನಿಯಮ ಏನಿದೆ ನೋಡಿ, ಡ್ರೋನ್ ಹಾರಿಸಬೇಡಿ. ಅವಶೇಷದ ಗೋಡೆ ಹತ್ತುವುದು ನಿಮಗೂ ಗೋಡೆಗೂ ಅಪಾಯ. ಊರಿನ ಹಿರಿಯರನ್ನು ಮಾತನಾಡಿಸುವ ಅವಕಾಶ ಸಿಕ್ಕರೆ ನೆರೆ ಎಲ್ಲಿಯವರೆಗೆ ಬಂದಿತ್ತು, ಮೊದಲು ಹೊಳೆ ದಾಟುತ್ತಿದ್ದದ್ದು ಎಲ್ಲಿ ಎಂಬ ಎರಡು ಪ್ರಶ್ನೆ ಕೇಳಿ. ಇಷ್ಟು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ.

ಸಂಜೆಯ ಕೆಲಸಗಳು

ತಂಗುವ ಜಾಗ ತಲುಪಿದ ಕೂಡಲೇ ಕಾಯುತ್ತಿರುವವರಿಗೆ ಸಂದೇಶ ಕಳಿಸಿ, ನಾಳೆಯ ದಾರಿ ಮತ್ತು ತಲುಪುವ ಅಂದಾಜು ಸಮಯವನ್ನು ಅದರಲ್ಲೇ ಬರೆಯಿರಿ. ಆ ಸಮಯ ಮೀರಿ ಎಷ್ಟು ಗಂಟೆ ಕಾದು ಯಾರಿಗೆ ತಿಳಿಸಬೇಕೆಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. ಶೂಗಳ ಒಳಹಾಸು ಹೊರತೆಗೆದು, ಒಳಗೆ ಕಾಗದ ತುರುಕಿ ಗಾಳಿಯಾಡುವ ಕಡೆ ಇಡಿ. ಬೆಂಕಿಯ ಮುಂದಿಟ್ಟರೆ ಅಂಟು ಬಿಡುತ್ತದೆ. ಮೇಲ್ಭಾಗದ ಹವಾಮಾನ ಮುನ್ಸೂಚನೆ ನೋಡಿ. ಬೆಳಕಿರುವಾಗಲೇ ನದಿಯ ಬಳಿಗೆ ಹೋಗಿ, ಗಟ್ಟಿಯಾದ ಕಲ್ಲೊಂದರ ಮೇಲೆ ನೀರು ಎಲ್ಲಿಯವರೆಗೆ ಇದೆ ಎಂದು ಫೋಟೋ ತೆಗೆದುಕೊಳ್ಳಿ, ಬೆಳಿಗ್ಗೆ ಹೊರಡುವ ಮೊದಲು ಅದೇ ಕಲ್ಲನ್ನು ಮತ್ತೆ ನೋಡಿ. ನೀರು ಏರಿದ್ದರೆ ನದಿಯಂಚಿನ ದಾರಿ ಬಿಟ್ಟು, ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಟ್ಟ ಮೇಲಿನ ದಾರಿಯಲ್ಲಿ ಹೊರಡಿ.